ರೋಲಾಂಡನ ಮೊಣಕಾಲು, ಗದಗಿನ ಕಾಟಾ

ಕಳೆದ ಅಕ್ಟೋಬರ್ ತಿಂಗಳಲ್ಲಿ, ಅಲ್ಲಿ ಓದುತ್ತಿರುವ ಮಗಳನ್ನು ನೋಡಲು ಜರ್ಮನಿಯ ಬ್ರೆಮೆನ್ ನಗರಕ್ಕೆ ಹೋದಾಗ, ಹಳೆಯ ಮಾರುಕಟ್ಟೆ ಚೌಕದಲ್ಲಿ ನಾನು ಮೊದಲು ಹುಡುಕಿಕೊಂಡು ಹೋದದ್ದು ಒಂದು ಕಲ್ಲಿನ ಪ್ರತಿಮೆಯ ಮೊಣಕಾಲುಗಳನ್ನು. ನಮ್ಮ ಅಜ್ಜ ಗದಗಿನ ಹತ್ತಿ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದವರು. ಯಾವ ಊರಿಗೆ ಹೋದರೂ ಮೊದಲು ಅಲ್ಲಿಯ ಕಾಟಾ ನೋಡಿ, ಆಮೇಲೆ ಗುಡಿಗೆ ಹೋಗುವುದು ಅವರ ರೂಢಿಯಾಗಿತ್ತು. ಬ್ರೆಮೆನ್ನಿನವರು ತಮ್ಮ ಊರಿನ ಅಳತೆಯನ್ನು ಒಂದು ಪ್ರತಿಮೆಯ ಕಾಲಲ್ಲೇ ಇಟ್ಟಿದ್ದಾರೆಂದು ಮಗಳು ಫೋನಿನಲ್ಲಿ ಹೇಳಿದ ದಿನದಿಂದ, ಅದನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ ನನ್ನಲ್ಲಿ ಕುಳಿತುಬಿಟ್ಟಿತ್ತು.

ಆ ಪ್ರತಿಮೆ ರೋಲಾಂಡ್ ಎಂಬ ವೀರನದು. 1404ರಲ್ಲಿ ಸುಣ್ಣಕಲ್ಲಿನಲ್ಲಿ ಕಡೆದು ನಿಲ್ಲಿಸಿದ ಈ ಮೂರ್ತಿ ಸುಮಾರು ಐದೂವರೆ ಮೀಟರ್ ಎತ್ತರವಿದ್ದು, ಬೆನ್ನಿಗಿರುವ ಕಂಬ ಮತ್ತು ಮೇಲಿನ ಛತ್ರಿಯನ್ನೂ ಸೇರಿಸಿದರೆ ಹತ್ತು ಮೀಟರನ್ನು ದಾಟುತ್ತದೆ. ಅದಕ್ಕೆ ಮೊದಲು ಅಲ್ಲಿದ್ದ ಮರದ ರೋಲಾಂಡನನ್ನು 1366ರಲ್ಲಿ ಆರ್ಚ್‌ಬಿಷಪ್ಪನ ಕಡೆಯವರು ಸುಟ್ಟುಹಾಕಿದ್ದರಂತೆ. ಅದಕ್ಕೇ ಏನೋ, ಈ ಕಲ್ಲಿನ ರೋಲಾಂಡ ಎದುರಿಗಿರುವ ದೊಡ್ಡ ಚರ್ಚಿನತ್ತಲೇ ನೆಟ್ಟ ನೋಟದಿಂದ ನಿಂತಿದ್ದಾನೆ. ಅವನ ಮೊಣಕಾಲುಗಳ ಮೇಲೆ ಕವಚದ ಚೂಪಾದ ಮೊನೆಗಳಿವೆ. ಒಂದು ಮೊನೆಯಿಂದ ಇನ್ನೊಂದು ಮೊನೆಗೆ ಇರುವ ಅಂತರವೇ ಬ್ರೆಮೆನ್ನಿನ ಬಟ್ಟೆ ಅಳೆಯುವ ಗಜ, ಅಂದರೆ ಸುಮಾರು 55 ಸೆಂಟಿಮೀಟರ್. ಅಂಗಡಿಯವನ ಅಳತೆಗೋಲಿನ ಮೇಲೆ ಸಂಶಯ ಬಂದ ಗಿರಾಕಿ ಬಟ್ಟೆಯನ್ನು ಇಲ್ಲಿಗೆ ತಂದು ಹಿಡಿದು ನೋಡಬಹುದಾಗಿತ್ತು ಎಂಬುದು ಆ ಊರಿನ ಹೇಳಿಕೆ. ಮೂರ್ತಿ ಕಟ್ಟೆಯ ಮೇಲಿರುವುದರಿಂದ ಪ್ರತಿಯೊಬ್ಬ ಗಿರಾಕಿಯೂ ಹಾಗೆ ಹತ್ತಿ ಅಳೆದಿರಲಾರ ಎಂದು ನನಗೆ ಅನ್ನಿಸಿತಾದರೂ, ಅಳತೆ ಯಾರೊಬ್ಬರ ಗಲ್ಲೆಯಲ್ಲಿಯೂ ಅಡಗಿರದೆ ಊರ ನಡುವೆ ಬಿಸಿಲು ಮಳೆಗಳಲ್ಲಿ ನಿಂತಿದೆಯೆಂಬ ಧೈರ್ಯವೇ ಬಹುಶಃ ಸಾಕಾಗುತ್ತಿತ್ತು.

ರೋಲಾಂಡನ ಪಾದಗಳ ನಡುವೆ ಒಂದು ಪುಟ್ಟ ಮನುಷ್ಯಾಕೃತಿ ಇದೆ. ಅದಕ್ಕೆ ಅಂಟಿಕೊಂಡಿರುವ ಕಥೆ ನಮ್ಮ ಸೀಮೆಯವರಿಗೆ ಒಡನೆಯೇ ಹಿಡಿಸುವಂಥದು. ಎಮ್ಮಾ ಎಂಬ ಶ್ರೀಮಂತ ವಿಧವೆ, ಒಬ್ಬ ಮನುಷ್ಯ ಒಂದು ದಿನದಲ್ಲಿ ಸುತ್ತಿ ಬರಬಲ್ಲಷ್ಟು ಹುಲ್ಲುಗಾವಲನ್ನು ಊರಿನವರಿಗೆ ಕೊಡುವುದಾಗಿ ಮಾತು ಕೊಟ್ಟಳಂತೆ. ಆಸ್ತಿ ಕೈಬಿಟ್ಟುಹೋಗುವ ಭಯದಿಂದ ಅವಳ ಮೈದುನ, ಸುತ್ತುವವನನ್ನು ತಾನೇ ಆರಿಸುವೆನೆಂದು ಹೇಳಿ, ಕಾಲಿಲ್ಲದ ಒಬ್ಬ ಭಿಕ್ಷುಕನನ್ನು ಆರಿಸಿದನಂತೆ. ಆತ ತೆವಳುತ್ತ ತೆವಳುತ್ತ ಸಂಜೆಯೊಳಗೆ ಯಾರೂ ಎಣಿಸದಷ್ಟು ನೆಲವನ್ನು ಸುತ್ತಿಬಂದ. ಹಾಗೆ ಸಿಕ್ಕ ನೆಲ ಊರಿನ ಗೋಮಾಳವಾಯಿತು, ಮತ್ತು ಇಂದಿಗೂ ಅದು ಊರಿನವರದಾಗಿಯೇ ಉಳಿದಿದೆ. ನಮ್ಮ ಹಳ್ಳಿಗಳ ಗೋಮಾಳಗಳಿಗೆ ಏನಾಗಿದೆಯೆಂದು ಬಲ್ಲವರು ಈ ಕೊನೆಯ ಮಾತನ್ನು ಇನ್ನೊಮ್ಮೆ ಓದಬೇಕು. ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಅದೇ ಬಯಲಿನಲ್ಲಿ ಫ್ರೈಮಾರ್ಕ್ಟ್ ಎಂಬ ಜಾತ್ರೆ ಸೇರುತ್ತದೆ. 1035ರಲ್ಲಿ ಚಕ್ರವರ್ತಿ ಎರಡನೆಯ ಕಾನ್ರಾಡ್ ಕೊಟ್ಟ ಸಂತೆಯ ಹಕ್ಕಿನಿಂದ ಅದು ಹುಟ್ಟಿತು. ಜಾತ್ರೆಯ ಚಿಕ್ಕ ಭಾಗವೊಂದು ಚೌಕದಲ್ಲಿಯೂ ನಡೆಯುವುದರಿಂದ, ನಾವು ಹೋದಾಗ ಪುರಭವನದ ಮಗ್ಗುಲಲ್ಲಿ ತೊಟ್ಟಿಲು ತಿರುಗುತ್ತಿತ್ತು, ರೋಲಾಂಡನ ಕೊರಳಲ್ಲಿ ಶುಂಠಿ ರೊಟ್ಟಿಯ ದೊಡ್ಡದೊಂದು ಹೃದಯ ತೂಗುತ್ತಿತ್ತು. ಜಾತ್ರೆಯಲ್ಲಿ ದೇವರಿಗೆ ಕೊಬ್ಬರಿ ಸರ, ಉತ್ತತ್ತಿ ಸರ ಹಾಕುವ ನಾಡಿನಿಂದ ಬಂದ ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ಚೌಕದ ಉಳಿದ ಕಟ್ಟಡಗಳನ್ನು ಪ್ರವಾಸಿಗರು ಸಾಕಷ್ಟು ವರ್ಣಿಸಿದ್ದಾರೆ. 1405ರಿಂದ 1410ರವರೆಗೆ ಕಟ್ಟಿದ, ಎರಡು ಶತಮಾನಗಳ ನಂತರ ಹೊಸ ಮುಖ ಪಡೆದ ಪುರಭವನವೂ ರೋಲಾಂಡನೂ 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದವು. ಗ್ರಿಮ್ ಸೋದರರ ಕಥೆಯಲ್ಲಿ ಬ್ರೆಮೆನ್ನಿಗೆ ಹೊರಟ ಕತ್ತೆ, ನಾಯಿ, ಬೆಕ್ಕು, ಹುಂಜಗಳ ಕಂಚಿನ ಮೂರ್ತಿಯ ಮುಂದೆ ಸರದಿ ದೊಡ್ಡದಿತ್ತು. ಬೇಡಿಕೊಂಡು ಮುಟ್ಟುವವರ ಕೈ ತಾಗಿ ಕತ್ತೆಯ ಮುಂಗಾಲುಗಳು ಚಿನ್ನದಂತೆ ಹೊಳೆಯುತ್ತಿದ್ದವು. ನನಗೆ ಹೆಚ್ಚು ಹಿಡಿಸಿದ್ದು ಪುರಭವನಕ್ಕೆ ಸರಿಯಾಗಿ ಎದುರುಬದುರಾಗಿ ನಿಂತಿರುವ ಶುಟ್ಟಿಂಗ್ ಎಂಬ ವರ್ತಕರ ಮನೆ. ಅದರ ಬಾಗಿಲ ಮೇಲೆ ಊರಿನ ಆಡುನುಡಿಯಲ್ಲಿ, ಹೊರಗೂ ಒಳಗೂ ಎದೆಗಾರಿಕೆ ತೋರಿ ಗೆಲ್ಲಬೇಕು ಎಂಬರ್ಥದ ಪ್ರಾಸಬದ್ಧ ಸಾಲು ಕೊರೆದಿದೆ. ಊರನ್ನು ಆಳುವವರೂ ಊರಲ್ಲಿ ವ್ಯಾಪಾರ ಮಾಡುವವರೂ ಒಬ್ಬರ ಕಿಟಕಿಯನ್ನು ಇನ್ನೊಬ್ಬರು ನೋಡುತ್ತ ಕುಳಿತ ಈ ಏರ್ಪಾಟು, ಅವರಿಬ್ಬರೂ ಬಹಳ ಕಾಲ ಒಂದೇ ಮನೆತನಗಳಿಂದ ಬರುತ್ತಿದ್ದರೆಂಬುದನ್ನು ನೆನೆದರೆ, ಅಷ್ಟೇನೂ ಮುಗ್ಧವಾದದ್ದಲ್ಲ.

ಇದು ಬಂದರಿನ ಊರೆಂದು ಕೇಳಿದವರು ಚೌಕದಲ್ಲಿ ಸಮುದ್ರದ ವಾಸನೆ ಹುಡುಕಿದರೆ ನಿರಾಶರಾಗುತ್ತಾರೆ. ಸಮುದ್ರ ಇನ್ನೂ ಅರವತ್ತು ಕಿಲೋಮೀಟರ್ ದೂರದಲ್ಲಿದೆ. ಊರಿಗೆ ಹಡಗು ತರುತ್ತಿದ್ದದ್ದು ವೇಸರ್ ನದಿ. ನದಿಯಲ್ಲಿ ಹೂಳು ತುಂಬಿ ದೊಡ್ಡ ಹಡಗುಗಳು ಬರದಂತಾದಾಗ, 1827ರಲ್ಲಿ ನದೀಮುಖದಲ್ಲಿ ನೆಲ ಕೊಂಡು ಬ್ರೆಮರ್‌ಹಾಫೆನ್ ಎಂಬ ಹೊಸ ಬಂದರನ್ನೇ ಕಟ್ಟಿದರು. ಇದನ್ನು ಕೇಳುವಾಗ ನನಗೆ ನೆನಪಾದದ್ದು ಕುಮಟಾ. ರೈಲು ಬರುವ ಮುಂಚೆ ನಮ್ಮ ಧಾರವಾಡ ಸೀಮೆಯ ಅರಳೆಯೆಲ್ಲ ಅಂಡಿಗೆಗಳಲ್ಲಿ ಘಟ್ಟ ಇಳಿದು ಕುಮಟಾದಲ್ಲಿ ಹಡಗು ಹತ್ತಿ ಮುಂಬೈಗೆ ಹೋಗುತ್ತಿತ್ತು. ಎರೆ ಹೊಲದಲ್ಲಿ ಬೆಳೆದ ಹತ್ತಿಗೆ ಪರದೇಶದ ಪೇಟೆಯಲ್ಲಿ ಬಿದ್ದ ಹೆಸರು ಮಾತ್ರ ಕುಮಟಾ ಹತ್ತಿ. 1880ರ ದಶಕದಲ್ಲಿ ಹುಬ್ಬಳ್ಳಿಗೂ ಗದಗಿಗೂ ರೈಲು ಬಂದ ಮೇಲೆ ಆ ಬಂದರು ಸೊರಗಿತು.

ಚೌಕದಿಂದ ನದಿಯತ್ತ ಇಳಿಯುವ ಬೀದಿಯಲ್ಲಿ ನನ್ನ ಪ್ರಯಾಣದ ಎರಡನೆಯ ಗುಡಿ ಇತ್ತು: ಬ್ರೆಮೆನ್ ಹತ್ತಿ ವಿನಿಮಯ ಕೇಂದ್ರ. 1872ರಲ್ಲಿ ವರ್ತಕರು ಕೂಡಿ ಸ್ಥಾಪಿಸಿದ ಈ ಸಂಸ್ಥೆಗೆ 1902ರಲ್ಲಿ ಈಗಿನ ಭಾರೀ ಕಟ್ಟಡ ಎದ್ದಿತು. ಅಲ್ಲಿಯ ಮುಖ್ಯ ಕೆಲಸ ಹತ್ತಿಯ ವ್ಯಾಪಾರಕ್ಕೆ ನಿಯಮ ಮಾಡುವುದು, ಮಾಲಿನ ಗುಣದ ಬಗ್ಗೆ ಕೊಂಡವನಿಗೂ ಮಾರಿದವನಿಗೂ ಜಗಳ ಬಂದಾಗ ಎಳೆಯ ಉದ್ದ, ನಯ, ಗಟ್ಟಿತನ, ಬಣ್ಣಗಳನ್ನು ಪರೀಕ್ಷಿಸಿ ತೀರ್ಪು ಕೊಡುವುದು. ಅಜ್ಜ ಈ ಕೆಲಸವನ್ನು ಬರಿಗೈಯಿಂದ ಮಾಡುತ್ತಿದ್ದರು. ಅರಳೆಯ ಒಂದು ಚಿಟಿಕೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಎಳೆದೆಳೆದು ಜೋಡಿಸಿ, ಕರಿ ಕೋಟಿನ ತೋಳಿನ ಮೇಲೆ ಇಟ್ಟು ನೋಡಿ, ಬಾಯಲ್ಲಿ ಏನೂ ಹೇಳದೆ ದಲಾಲರ ಕಡೆ ತಿರುಗುತ್ತಿದ್ದರು. ದರವೂ ಹಾಗೆಯೇ, ರುಮಾಲಿನ ಕೆಳಗೆ ಬೆರಳು ಹಿಡಿದು ಮುಗಿಯುತ್ತಿತ್ತು. ರೈತ ಎದುರಿಗೇ ನಿಂತಿದ್ದರೂ ಅವನಿಗೆ ಕಾಣುತ್ತಿದ್ದದ್ದು ರುಮಾಲು ಮಾತ್ರ. ರೋಲಾಂಡನ ಬಯಲಿನ ಮೊಣಕಾಲುಗಳ ಎದುರು ನಿಂತಾಗ ನನ್ನನ್ನು ಚುಚ್ಚಿದ್ದು ಆ ರುಮಾಲು. ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಹತ್ತಿ ನಿಂತು ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂದಾಗ, ಕಲಬೆರಕೆ ಎಷ್ಟು ಹೆಚ್ಚಿತೆಂದರೆ 1863ರಲ್ಲಿ ಮುಂಬೈ ಸರಕಾರ ಹತ್ತಿಯ ಮೋಸ ತಡೆಯಲೆಂದೇ ಒಂದು ಕಾಯಿದೆ ಮಾಡಬೇಕಾಯಿತು. ಆ ಕಾಯಿದೆಯ ಕಾಳಜಿ ಇಂಗ್ಲೆಂಡಿನ ಗಿರಣಿಯವನಿಗೆ ಶುದ್ಧ ಅರಳೆ ಸಿಗಬೇಕೆಂಬುದು. ಬೆಳೆದವನಿಗೆ ನ್ಯಾಯದ ತೂಕ ಸಿಗಬೇಕೆಂಬ ಮಾತು ಬಹಳ ತಡವಾಗಿ ಬಂತು.

ಹೆಸರಿಗೆ ಮಾರುಕಟ್ಟೆಯಾದ ಈ ಚೌಕದಲ್ಲಿ ಈಗ ದಿನದ ಕಾಯಿಪಲ್ಲೆಯ ಸಂತೆ ಇಲ್ಲ. ಅದು ಚರ್ಚಿನ ಮಗ್ಗುಲ ಡೋಮ್ಸ್‌ಹೋಫ್ ಬಯಲಿನಲ್ಲಿ, ಸೋಮವಾರದಿಂದ ಶನಿವಾರದವರೆಗೆ ನಡೆಯುತ್ತದೆ. ಅಲ್ಲಿಯೇ ನೆಲದಲ್ಲಿ ಶಿಲುಬೆಯ ಗುರುತಿರುವ ಒಂದು ಕಲ್ಲು ಇದೆ. ಹದಿನೈದು ಜನರಿಗೆ ವಿಷವಿಕ್ಕಿ ಕೊಂದು 1831ರಲ್ಲಿ ತಲೆ ಕಳೆದುಕೊಂಡ ಗೇಶ್ ಗಾಟ್‌ಫ್ರೀಡ್ ಎಂಬವಳ ನೆನಪಿಗೆ ಜನ ಅದರ ಮೇಲೆ ಉಗುಳುತ್ತಾರೆ. ಉಗುಳಲಿಕ್ಕೆ ಊರಿಗೆಲ್ಲ ಒಂದೇ ಕಲ್ಲು ಎಂದು ಕೇಳಿ, ಹುಬ್ಬಳ್ಳಿಯ ಬಸ್ ನಿಲ್ದಾಣದ ಕಂಬಗಳನ್ನು ನೆನೆದು ನಾನೂ ಮಗಳೂ ಬಹಳ ಹೊತ್ತು ನಕ್ಕೆವು. ಒಂದು ಕಿಲೋ ಸೇಬು ಕೊಂಡೆವು. ತಕ್ಕಡಿಯ ಅಂಕಿಗಳು ಗಿರಾಕಿಯ ಕಡೆಗೆ ಮುಖ ಮಾಡಿದ್ದವು.

ಊರಿಗೆ ಮರಳಿದ ಮೇಲೆ ಅಜ್ಜ ಕೆಲಸ ಮಾಡಿದ ಅಂಗಡಿಯತ್ತ ಒಮ್ಮೆ ಹೋಗಿದ್ದೆ. ಕಾಟಾ ತೂಗುಹಾಕುತ್ತಿದ್ದ ಕಬ್ಬಿಣದ ಕೊಂಡಿ ತೊಲೆಯಲ್ಲಿ ಇನ್ನೂ ಇದೆ. ಅದಕ್ಕೀಗ ಮೊಬೈಲ್ ಕವರುಗಳ ಸಾಲು ಜೋತುಬಿದ್ದಿದೆ. ಹೊರಗೆ ಕಟ್ಟೆಯ ಮೇಲೆ ಮಲ್ಲಿಗೆ ಮಾರುವಾಕೆ ಮೊಳ ಹಾಕುತ್ತಿದ್ದಳು. ನನ್ನ ಮೊಳ 46 ಸೆಂಟಿಮೀಟರ್, ರೋಲಾಂಡನ ಗಜಕ್ಕಿಂತ ಸರಿಯಾಗಿ ಒಂದು ಹಿಡಿ ಕಡಿಮೆ. ಆಕೆಯದೂ ಎಷ್ಟಾಗುತ್ತದೆಂದು ನೋಡುವ ಚಪಲದಿಂದ ಚೀಲದೊಳಗಿನ ಟೇಪನ್ನು ಹೊರಗೆ ತೆಗೆದೆ. "ಟೇಪ್ ಹಿಡಿದು ಅಳಿಯೋರಿಗೆ ನಾ ಹೂವು ಕೊಡಂಗಿಲ್ರಿ" ಎಂದು ಆಕೆ ದಂಡೆಯನ್ನು ಬುಟ್ಟಿಗೆ ಹಾಕಿಬಿಟ್ಟಳು. ಟೇಪು ಒಳಗಿಟ್ಟ ಮೇಲೆ ಎರಡು ಮೊಳ ಕೊಟ್ಟು, ಮೇಲೆ ಒಂದು ಗೇಣು ಹಾಕಿದಳು.