ದಣಪೆ ದಾಟುವಾಗ ತುಂಡಾದ ಮಾತು

ಶಿರಸಿಯಿಂದ ಕುಮಟಾಕ್ಕೆ ಹೋಗುವಾಗ ದೇವಿಮನೆ ಘಟ್ಟಕ್ಕಿಂತ ತುಸು ಮೊದಲು ಒಳಗೆ ತಿರುಗಿದರೆ ಸಿಗುವ ನಮ್ಮ ಮನೆಯೊಳಗೆ ಮೊಬೈಲ್ ಸಿಗ್ನಲ್ ಸುಳಿಯುವುದಿಲ್ಲ. ತಂತಿಯಲ್ಲಿ ಬಂದ ಇಂಟರ್ನೆಟ್ ಇರುವುದರಿಂದ ಕರೆಗಳೆಲ್ಲ ವೈಫೈ ಮೇಲೆಯೇ ನಡೆಯುತ್ತವೆ. ಕಳೆದ ಮಳೆಗಾಲದ ಒಂದು ಸಂಜೆ, ಅಮ್ಮನ ಬಿ.ಪಿ. ಮಾತ್ರೆಯ ಬಗ್ಗೆ ವೈದ್ಯರೊಡನೆ ಮಾತನಾಡುತ್ತಲೇ, ಔಷಧದ ಅಂಗಡಿ ಮುಚ್ಚುವುದರೊಳಗೆ ಪೇಟೆ ಮುಟ್ಟುವ ಅವಸರದಲ್ಲಿ ಕೊಡೆ ಬಿಚ್ಚಿ ಅಂಗಳಕ್ಕಿಳಿದೆ. “ಬೆಳಗಿನದು ಹಾಗೇ ಇರಲಿ, ರಾತ್ರಿಯದನ್ನು ಮಾತ್ರ...” ಎನ್ನುವಷ್ಟರಲ್ಲಿ ಅಂಗಳದ ಬೇಲಿಯ ದಣಪೆ ದಾಟಿದ್ದೆ, ಅವರ ದನಿ ಡಬ್ಬದೊಳಗಿಂದ ಬಂದಂತಾಗಿ ನಿಂತೇಹೋಯಿತು. ನಿಲ್ಲಿಸಬೇಕೋ, ಹೆಚ್ಚಿಸಬೇಕೋ? ಮನೆಗೆ ಓಡಿ ಮತ್ತೆ ಕರೆ ಮಾಡಿದರೆ ಅವರು ಇನ್ನೊಬ್ಬ ರೋಗಿಯನ್ನು ನೋಡುತ್ತಿದ್ದರು. ಅರ್ಧಕ್ಕೆ ಇಳಿಸಬೇಕೆಂಬುದು ತಿಳಿಯುವ ಹೊತ್ತಿಗೆ ಅಂಗಡಿ ಮುಚ್ಚಿತ್ತು.

ಮರುದಿನ ಮಗಳನ್ನು ಜಗಲಿಯಲ್ಲಿ ಕೂರಿಸಿ, ಅವಳೊಡನೆ ಮಾತನಾಡುತ್ತ, ಪರದೆಯ ಮೂಲೆಯ ಗುರುತನ್ನೇ ನೋಡುತ್ತ ನಡೆದೆ. ವೈಫೈ ಕರೆಯೂ 4ಜಿ ಕರೆಯೂ ಡೇಟಾ ರೂಪದಲ್ಲಿ ಮೊಬೈಲ್ ಕಂಪನಿಯ ಒಂದೇ ಕಡೆಗೆ, ಕರೆಗಳನ್ನು ಜೋಡಿಸುವ ಐಎಂಎಸ್ ಎಂಬ ವ್ಯವಸ್ಥೆಗೆ, ಸೇರುವುದರಿಂದ ಅವೆರಡರ ನಡುವಿನ ದಾಟು ಕಿವಿಗೆ ಗೊತ್ತೇ ಆಗುವುದಿಲ್ಲ. ನಮ್ಮ ದಣಪೆಯ ಬಳಿ ಸಿಗುವುದು ಬರೀ 2ಜಿ. ಫೋನು ಸಾಯುತ್ತಿರುವ ವೈಫೈಯನ್ನೇ ಕೊನೆಯವರೆಗೆ ಬಿಗಿಹಿಡಿದಿತ್ತು. ಅಲ್ಲಿಂದ ನೇರವಾಗಿ 2ಜಿಗೆ ಇಳಿಯಲು ಅದಕ್ಕೆ ದಾರಿ ಇರಲಿಲ್ಲ.

ಘಟ್ಟದ ತಿರುವುಗಳಲ್ಲಿ ಮಾತ್ರ ಬೇರೆಯೇ ಅನುಭವ. 4ಜಿಯಲ್ಲಿ ಶುರುವಾದ ನನ್ನ ಮಾತು 2ಜಿಗೆ ಇಳಿದರೂ ತುಂಡಾಗುವುದಿಲ್ಲ, ಒಂದು ಅಕ್ಷರ ನುಂಗಿದಂತಾಗುತ್ತದೆ ಅಷ್ಟೆ. ಸಿಗ್ನಲ್ ಕುಗ್ಗುತ್ತಿರುವುದನ್ನು ಫೋನು ಮೊದಲೇ ತಿಳಿಸಿ, ಜಾಲವು 2ಜಿಯಲ್ಲಿ ಜಾಗ ಕಾದಿರಿಸಿದ ಮೇಲೆಯೇ ಕರೆಯನ್ನು ಅಲ್ಲಿಗೆ ದಾಟಿಸುವ ಈ ಏರ್ಪಾಡಿಗೆ ಎಸ್‌ಆರ್‌ವಿಸಿಸಿ ಎನ್ನುತ್ತಾರೆ. ನಡುವಿನ ಮೌನ 0.3 ಸೆಕೆಂಡ್ ಮೀರಬಾರದೆಂಬುದು ಅದರ ಗುರಿ. ಹೀಗೆ ಇಳಿದ ಕರೆ ಸಾಮಾನ್ಯವಾಗಿ ಮುಗಿಯುವವರೆಗೂ ಮತ್ತೆ 4ಜಿಗೆ ಹತ್ತುವುದಿಲ್ಲ. ಪಕ್ಕದಲ್ಲೇ ಕುಳಿತ ಹೆಂಡತಿಯ ಸಿಮ್ಮಿನ ಕಂಪನಿಗೆ 2ಜಿ ಜಾಲವೇ ಇಲ್ಲದ ಕಾರಣ, ಅವಳ ತವರಿನ ಕರೆ ಅದೇ ತಿರುವಿನಲ್ಲಿ ತಪ್ಪದೆ ಕಡಿಯುತ್ತದೆ. ಅದಕ್ಕೂ ನನ್ನ ಡ್ರೈವಿಂಗನ್ನೇ ದೂರುತ್ತಾಳೆ.

ಮನೆಯ ಹಿಂದಿನ ದರೆಯ ಮೇಲೆ ಎರಡು ಕಡ್ಡಿ 4ಜಿ ಸಿಗುತ್ತದೆ. ವೈದ್ಯರಿಗೆ ಕರೆ ಮಾಡುವುದಿದ್ದರೆ ಈಗ ವೈಫೈ ಆರಿಸಿ ಅಲ್ಲಿಗೇ ಹತ್ತುತ್ತೇನೆ; ಮಳೆಯಿದ್ದರೆ ಕೊಡೆ ಹಿಡಿಯುವ ಕೆಲಸ ಮಗಳದ್ದು, ಮಾತ್ರೆಯ ಚೀಟಿ ನನ್ನ ಕೈಯಲ್ಲಿ.