ಪ್ರತಿ ಭಾನುವಾರ ಚರ್ಚಿಗೆ ಹೋಗ್ತೀರಲ್ಲ, ಮೋಕ್ಷ ಗ್ಯಾರಂಟಿ ಏನ್ರಿ?

ಈ ಪ್ರಶ್ನೆ ನನಗೆ ಎದುರಾಗುವುದು ಹೆಚ್ಚಾಗಿ ಲಿಫ್ಟಿನಲ್ಲಿ. ಭಾನುವಾರ ಬೆಳಿಗ್ಗೆ ಎಂಟೂವರೆಗೆ ಇಸ್ತ್ರಿ ಅಂಗಿ ಹಾಕಿಕೊಂಡು, ಸತ್ಯವೇದವನ್ನೂ ಹಾಡಿನ ಪುಸ್ತಕವನ್ನೂ ಕಂಕುಳಲ್ಲಿ ಇಟ್ಟುಕೊಂಡು ಇಳಿಯುತ್ತಿರುತ್ತೇನೆ. ಎರಡನೇ ಮಹಡಿಯಲ್ಲಿ ಕಾಕಾ ಹಾಲಿಗೆ ಹೊರಟವರು ಪಿಶವಿ ಹಿಡಿದು ಒಳಗೆ ಬರುತ್ತಾರೆ. ವಿಜಯಪುರದವರು, ಪುಣೆ ಹತ್ತಿರದ ಚಿಂಚವಡಕ್ಕೆ ಬಂದು ಮೂವತ್ತು ವರ್ಷವಾದರೂ ಮಾತು ಇನ್ನೂ ಊರಿನದೇ. "ವಾರಾ ವಾರಾ ತಪ್ಪಸಂಗಿಲ್ಲ ನೋಡ್ರಿ ನೀವು. ಮೋಕ್ಷ ಗ್ಯಾರಂಟಿ ಏನ್ರಿ?" ಇದನ್ನೇ ಕಾರ್ಖಾನೆಯಲ್ಲಿ ಮರಾಠಿಯಲ್ಲಿ ಕೇಳುತ್ತಾರೆ, ಊರಿಗೆ ಹೋದರೆ ಹಳೆಯ ಗೆಳೆಯರು ಕೇಳುತ್ತಾರೆ. ಕುಹಕ ಇರುವುದಿಲ್ಲ. ಆದರೆ ಎರಡು ಮಹಡಿ ಇಳಿಯುವಷ್ಟರಲ್ಲಿ ಹೇಳಿ ಮುಗಿಯುವ ಮಾತೂ ಅಲ್ಲ.

ಚರ್ಚಿಗೆ ಹೋದರೆ ಮೋಕ್ಷ ಸಿಗುವುದಿಲ್ಲ. ಇಷ್ಟು ಹೇಳಿಬಿಟ್ಟರೆ ಕಾಕಾ "ಮತ್ತ್ಯಾಕ ಹೋಗ್ತೀರಿ?" ಅನ್ನುತ್ತಾರೆ. ಅಲ್ಲಿಂದಲೇ ಕಷ್ಟ ಶುರು.

ನಮ್ಮ ಮನೆಗಳಲ್ಲಿ ಮೋಕ್ಷ ಅನ್ನುವುದು ಕಡಿಮೆ, ರಕ್ಷಣೆ ಅನ್ನುತ್ತೇವೆ. ಮೋಕ್ಷ ಅಂದೊಡನೆ ಜನ್ಮ ಜನ್ಮದ ಸಾಧನೆ, ಪುಣ್ಯದ ಗಳಿಕೆ ನೆನಪಾಗುತ್ತದೆ. ರಕ್ಷಣೆ ಗಳಿಸುವಂಥದ್ದಲ್ಲ, ಇನ್ನೊಬ್ಬರು ಬಂದು ಮಾಡಬೇಕಾದದ್ದು. ನಾನು ಗದಗಿನ ಬೆಟಗೇರಿಯವನು. ಕ್ರೈಸ್ತ ಧರ್ಮ ಸಾರುವ ಬಾಸೆಲ್ ಮಿಶನ್ನಿನವರು ಅಲ್ಲಿಗೆ ಬಂದದ್ದು 1841ರಲ್ಲಿ. ನಮ್ಮ ಮನೆತನ ಅವರ ಸಭೆಗೆ, ಅಂದರೆ ಚರ್ಚಿಗೆ ಸೇರಿದ್ದು. ಅಷ್ಟು ತಲೆಮಾರಿನಿಂದ ಈ ಶಬ್ದ ಬಾಯಲ್ಲಿದ್ದರೂ ಅದರ ಅರ್ಥ ನನಗೆ ತಲೆಗೆ ಹೋದದ್ದು ಸಾಲದ ಲೆಕ್ಕದಿಂದ.

ಬೈಬಲಿನ ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಯೇಸು ಒಂದು ಕಥೆ ಹೇಳುತ್ತಾನೆ. ಒಬ್ಬ ಆಳು ಅರಸನಿಗೆ 10,000 ತಲಾಂತು ಕೊಡಬೇಕಿತ್ತು. ಚಿಕ್ಕಂದಿನಲ್ಲಿ ಭಾನುವಾರದ ಶಾಲೆಯಲ್ಲಿ ಇದನ್ನು ಕೇಳಿದಾಗ ಅದು ಬರೀ ದೊಡ್ಡ ಸಂಖ್ಯೆ. ಆಮೇಲೆ ಒಮ್ಮೆ ಕೂತು ಲೆಕ್ಕ ಹಾಕಿದೆ. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ. ಒಂದು ದಿನಾರಿ ಒಬ್ಬ ಕೂಲಿಯ ಒಂದು ದಿನದ ಪಗಾರ. ಅದೇ ಸುವಾರ್ತೆಯ 20ನೇ ಅಧ್ಯಾಯದ ದ್ರಾಕ್ಷಿತೋಟದ ಕಥೆಯಲ್ಲೂ ಕೂಲಿ ಅಷ್ಟೇ. ವರ್ಷಕ್ಕೆ 300 ದಿನ ದುಡಿದರೆ ಒಂದು ತಲಾಂತು ತೀರಿಸಲು 20 ವರ್ಷ. ಹತ್ತು ಸಾವಿರಕ್ಕೆ ಎರಡು ಲಕ್ಷ ವರ್ಷ! ಕೇಳುತ್ತಿದ್ದವರು ನಕ್ಕಿರಬೇಕು. ಅಷ್ಟು ಸಾಲ ಹೊತ್ತ ಆಳು ಅಡ್ಡಬಿದ್ದು, ಸ್ವಲ್ಪ ತಾಳಿಕೋ, ಎಲ್ಲ ತೀರಿಸುತ್ತೇನೆ ಅನ್ನುತ್ತಾನೆ. ಅರಸ ಬಡ್ಡಿ ಇಳಿಸಲಿಲ್ಲ, ಕಂತು ಮಾಡಿಕೊಡಲಿಲ್ಲ. ಪೂರಾ ಬಿಟ್ಟುಬಿಟ್ಟ.

ನಮ್ಮ ಕಡೆಯವರಿಗೆ ಸಾಲಮನ್ನಾ ಅಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮನ್ನಾ ಆದ ಸಾಲ ಗಾಳಿಯಲ್ಲಿ ಕರಗುವುದಿಲ್ಲ, ಯಾರದೋ ಬೊಕ್ಕಸ ಅದನ್ನು ಹೊರಬೇಕು ಅನ್ನುವುದೂ ಗೊತ್ತು. ಶಿಲುಬೆ ಅಂದರೆ ನಮಗೆ ಅದೇ. ಹೊರಬೇಕಾದದ್ದನ್ನು ದೇವರೇ ಹೊತ್ತ. ಹಾಗಾಗಿ ಭಾನುವಾರದ ಆರಾಧನೆ ಕಂತು ಕಟ್ಟುವುದಲ್ಲ. ಕಟ್ಟಬೇಕಾದದ್ದೇನೂ ಉಳಿದಿಲ್ಲ ಎಂದು ಗೊತ್ತಾದವನು ಹೋಗಿ ಎದುರಿಗೆ ನಿಲ್ಲುವುದು. ಯೇಸು ಹೇಳಿದ ಇನ್ನೊಂದು ಕಥೆಯಲ್ಲಿ ಧರ್ಮನಿಷ್ಠನೆಂದು ಹೆಸರಾದ ಫರಿಸಾಯನೊಬ್ಬ ದೇವಾಲಯದಲ್ಲಿ ನಿಂತು ರಸೀದಿ ತೋರಿಸುತ್ತಾನೆ: ವಾರಕ್ಕೆ ಎರಡು ಉಪವಾಸ, ಗಳಿಸಿದ್ದರಲ್ಲಿ ಹತ್ತನೇ ಪಾಲು. ದೂರದಲ್ಲಿ ನಿಂತ, ಜನ ಪಾಪಿಯೆಂದು ಕಾಣುತ್ತಿದ್ದ ಸುಂಕದವನ ಹತ್ತಿರ ರಸೀದಿಯೇ ಇಲ್ಲ. ಪಾಪಿಯಾದ ನನ್ನನ್ನು ಕರುಣಿಸು ಅನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ನೀತಿವಂತನಾಗಿ ಮನೆಗೆ ಹೋದವನು ಅವನು.

ಕ್ಯಾಥೊಲಿಕರು ಒಂದು ಹೇಳುತ್ತಾರೆ, ನೀವು ಪ್ರೊಟೆಸ್ಟಂಟರು ಇನ್ನೊಂದು ಹೇಳುತ್ತೀರಿ ಅನ್ನುವವರೂ ಇದ್ದಾರೆ. 1517ರಲ್ಲಿ ಮಾರ್ಟಿನ್ ಲೂಥರ್ ಶುರು ಮಾಡಿದ ಆ ಜಗಳ ದೊಡ್ಡದೇ. ಆದರೆ 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕರೂ ಲುಥೆರನ್ನರೂ ಒಂದೇ ಕಾಗದಕ್ಕೆ ಸಹಿ ಹಾಕಿದರು: ದೇವರು ನಮ್ಮನ್ನು ಒಪ್ಪಿಕೊಳ್ಳುವುದು ನಮ್ಮ ಪುಣ್ಯಕ್ಕಲ್ಲ, ಕೃಪೆಯಿಂದ. ಉಳಿದ ತಕರಾರು ಪಂಡಿತರಿಗಿರಲಿ.

ಪಂಡಿತರು ಅಂದಾಗ ಪುಣೆಯಲ್ಲಿರುವ ಕನ್ನಡಿಗನಿಗೆ ಪಂಡಿತಾ ರಮಾಬಾಯಿ ನೆನಪಾಗದೆ ಇರುವುದು ಹೇಗೆ? ಗದಗಿನ ರೈಲು ಪುಣೆ ಬಿಟ್ಟ ಮೇಲೆ, ದೌಂಡ್ ಇನ್ನೂ ಬರುವ ಮುಂಚೆ ಕೇಡಗಾಂವ್ ದಾಟುತ್ತದೆ. ದಿಕ್ಕಿಲ್ಲದ ಹೆಂಗಸರಿಗಾಗಿ ಅವರು ಕಟ್ಟಿದ ಮುಕ್ತಿ ಮಿಶನ್ ಇರುವ ಊರು. ಅವರು ಹುಟ್ಟಿದ್ದು 1858ರಲ್ಲಿ, ತುಂಗೆ ಭದ್ರೆಯರು ಹುಟ್ಟುವ ನಮ್ಮ ಗಂಗಾಮೂಲದ ಕಾಡಿನಲ್ಲಿ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಹೆಂಡತಿಗೆ ಸಂಸ್ಕೃತ ಕಲಿಸಿದ ಮನುಷ್ಯ, ಮಗಳಿಗೆ ಕಲಿಸಿದ್ದು ಆ ತಾಯಿ. ಆ ಕುಟುಂಬ ತೀರ್ಥಕ್ಷೇತ್ರಗಳಲ್ಲಿ ಪುರಾಣ ಓದುತ್ತ ತಿರುಗಿತು, ಬರಗಾಲದಲ್ಲಿ ತಂದೆ ತಾಯಿ ಹೋದರು. ರಮಾಬಾಯಿ 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ತೆಗೆದುಕೊಂಡು ಕ್ರೈಸ್ತರಾದರು. ನನ್ನನ್ನು ಹಿಡಿದು ನಿಲ್ಲಿಸುವುದು ಅದಲ್ಲ, ಆಮೇಲಿನ ಮಾತು. ದೀಕ್ಷಾಸ್ನಾನವಾಗಿ ಎಂಟು ವರ್ಷದ ತನಕ ತನಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಎಂಬರ್ಥದಲ್ಲಿ 1907ರ ತಮ್ಮ ಸಾಕ್ಷಿಯಲ್ಲಿ ಅವರೇ ಬರೆದುಕೊಂಡರು. ಅಷ್ಟು ಓದಿದವರು, ಅಷ್ಟು ಹೆಸರಾದವರು ಇದನ್ನು ಒಪ್ಪಿಕೊಳ್ಳಬೇಕಾದರೆ! ನಮ್ಮಂಥವರು ಹುಟ್ಟಿದ ಎರಡನೇ ತಿಂಗಳಿಗೇ ಸಭೆಯ ದಾಖಲೆ ಪುಸ್ತಕದಲ್ಲಿ ಹೆಸರು ಬರೆಸಿಕೊಂಡು ನಿಶ್ಚಿಂತರಾಗಿರುತ್ತೇವೆ.

ನನ್ನ ಕಥೆಯನ್ನೂ ಹೇಳಬೇಕು.

ಮರಾಠಿ ಆರಾಧನೆ ಮುಗಿದ ಮೇಲೆ ಅದೇ ಕಟ್ಟಡದಲ್ಲಿ ನಮ್ಮ ಕನ್ನಡ ಆರಾಧನೆ. ನನ್ನ ಮುಂದಿನ ಬೆಂಚಿನಲ್ಲಿ ಕೂರುವವರೊಬ್ಬರು ಮಗಳ ಮದುವೆಗೆ ನನ್ನಿಂದ 35,000 ರೂಪಾಯಿ ತೆಗೆದುಕೊಂಡಿದ್ದರು. ಮೂರು ತಿಂಗಳಲ್ಲಿ ಕೊಡುತ್ತೇನೆ ಅಂದವರು ಮೂರು ವರ್ಷವಾದರೂ ಸುದ್ದಿ ಇಲ್ಲ. ಪ್ರಾರ್ಥನೆಗೆ ತಲೆ ಬಗ್ಗಿಸಿದಾಗಲೂ ನನಗೆ ಕಾಣುತ್ತಿದ್ದದ್ದು ಅವರ ಕುತ್ತಿಗೆ. ಹೊಸ ಅಂಗಿ, ಕಾಲರಿನ ಒಳಗೆ ಟೇಲರನ ಹೆಸರಿನ ಪಟ್ಟಿ. ಅಂಗಿಗೆ ದುಡ್ಡಿದೆ, ನನಗಿಲ್ಲ. ಹಾಡಿನ ಸಾಲು ಬಾಯಲ್ಲಿ ತಾನಾಗಿ ಬರುತ್ತಿತ್ತು, ಮನಸ್ಸು ಬಡ್ಡಿ ಕೂಡಿಸುತ್ತಿತ್ತು. ನಮ್ಮವ್ವ ಬದುಕಿದ್ದರೆ, "ಬಾಯಿ ಇಲ್ಲೈತಿ, ಜೀವ ಎಲ್ಲೈತೋ?" ಅಂತ ತೊಡೆ ಚಿವುಟುತ್ತಿದ್ದಳು. ಹೀಗೇ ಒಂದು ದಿನ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳುವಾಗ, ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದಂತೆ ಎಂಬಲ್ಲಿ ಗಂಟಲು ನಿಂತಿತು. ಮತ್ತಾಯನ ಗ್ರೀಕ್ ಮೂಲದಲ್ಲಿ ಆ ಜಾಗದಲ್ಲಿರುವುದು 'ಸಾಲ' ಎಂಬ ಶಬ್ದ ಅಂತ ಹಿಂದಿನ ವಾರವಷ್ಟೇ ಸಭಾಪಾಲಕರು ಹೇಳಿದ್ದರು.

ಆ ಆಳಿನ ಕಥೆಯ ಉಳಿದರ್ಧ ಇದೇ. ಮನ್ನಾ ಮಾಡಿಸಿಕೊಂಡು ಹೊರಗೆ ಬಂದವನು, ತನಗೆ ನೂರು ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿಯುತ್ತಾನೆ. ನೂರು ದಿನಾರಿ ಅಂದರೆ ನಾಲ್ಕು ತಿಂಗಳ ದುಡಿಮೆ, ಚಿಲ್ಲರೆ ಮೊತ್ತವಲ್ಲ. ಹೋಲಿಸಿದರೆ ಮಾತ್ರ ಚಿಲ್ಲರೆ. ಕೃಪೆಯಿಂದಲೇ ರಕ್ಷಣೆಯಾದರೆ ಏನು ಮಾಡಿದರೂ ನಡೆಯುತ್ತದಾ ಎಂದು ಕೇಳುವವರಿಗೆ ನಾನು ಈ ಅರ್ಧವನ್ನು ಓದಿಸುತ್ತೇನೆ. ಅರಸ ಅವನನ್ನು ಸುಮ್ಮನೆ ಬಿಡುವುದಿಲ್ಲ.

ಮುಂದಿನ ಭಾನುವಾರ ಚಹಾದ ಹೊತ್ತಿಗೆ ಆ ಮುಂದಿನ ಬೆಂಚಿನವರನ್ನು ಪಕ್ಕಕ್ಕೆ ಕರೆದು, "ಅದನ್ನ ಮರ್ತುಬಿಡ್ರಿ ಅಣ್ಣಾರ" ಅಂದೆ. ಕಣ್ಣಲ್ಲಿ ನೀರು ಬರುತ್ತದೆ ಅಂದುಕೊಂಡಿದ್ದೆ. ಮುಖ ಕೆಂಪಾಯಿತು. "ನಾ ಏನ್ ಭಿಕ್ಷಾ ಬೇಡಿದ್ನೇನು ನಿಮ್ಮನ್ನ?" ಕಪ್ಪು ಅಲ್ಲೇ ಇಟ್ಟು ಹೋದರು. ಮರುತಿಂಗಳು ಕಾಣಿಕೆಯ ಲಕೋಟೆಯಲ್ಲಿ 1,000 ರೂಪಾಯಿ ಇಟ್ಟು ನನ್ನ ಕೈಗೆ ತುರುಕಿದರು. ಆಮೇಲೆ ತಿಂಗಳು ತಿಂಗಳು ಬಂತು. ಬೇಡ ಅಂದರೆ ಜಗಳ. ತೆಗೆದುಕೊಂಡೆ. ಸುಳ್ಳೇಕೆ ಹೇಳಲಿ, ಒಳಗೊಳಗೆ ಖುಷಿಯೂ ಆಗುತ್ತಿತ್ತು.

ಇದನ್ನು ಕಾಕಾಗೆ ಹೇಳಿದಾಗ ಲಿಫ್ಟಿನ ಬಾಗಿಲು ಹಿಡಿದು ನಿಂತು ನಕ್ಕರು. "ಮನ್ನಾ ಆದ ಸಾಲಕ್ಕ ಹಫ್ತೆ ಕಟ್ಟಾಕತ್ಯಾರ ಅಂದಂಗಾತು. ನೀವು ವಾರಾ ವಾರಾ ಹೋಗೋದೂ ಅದ ಅಲ್ಲೇನ್ರಿ?" ಆ ದಿನ ನನಗೆ ಉತ್ತರ ಹೊಳೆಯಲಿಲ್ಲ. ಎಷ್ಟೋ ಭಾನುವಾರ ನಾನೂ ಹಾಗೇ ಹೋಗಿದ್ದೇನೆ, ಹಾಜರಿ ಹಾಕಿಸಿಕೊಳ್ಳಲು.

ಹೋದ ಡಿಸೆಂಬರಿನಲ್ಲಿ ಲಕೋಟೆ ಬರಲಿಲ್ಲ. ಇನ್ನೂ 11,000 ಬಾಕಿ ಇತ್ತು. ಕ್ರಿಸ್‌ಮಸ್ ಆರಾಧನೆ ಮುಗಿಸಿ ಹೊರಗೆ ಬಂದಾಗ ಅವರೇ ಎದುರಿಗೆ ಬಂದು, "ಆತು ಬಿಡ್ರಿ, ನೀವ್ ಹೇಳಿದಂಗ ಆಗ್ಲಿ" ಅಂದರು. ಕೈಯಲ್ಲೊಂದು ಸ್ಟೀಲಿನ ಡಬ್ಬಿ, ಅವರ ಮನೆಯವರು ಕರಿದ ಕರ್ಚಿಕಾಯಿ, ಇನ್ನೂ ಬಿಸಿ. ನನ್ನ ಮುಖವನ್ನೇ ನೋಡುತ್ತ, ತಿಂದು ನೋಡ್ರಿ ಅಂದರು.

ಅದರಲ್ಲಿ ನಾಲ್ಕು ಕಾಕಾಗೆ ಕೊಟ್ಟೆ. ಒಂದನ್ನು ಲಿಫ್ಟಿನಲ್ಲೇ ಬಾಯಿಗೆ ಹಾಕಿಕೊಂಡು, "ಇದನ್ನೂ ಲೆಕ್ಕದಾಗ ಹಿಡದ್ರೇನು?" ಅಂದರು.

ಹಿಡಿದಿಲ್ಲ ಅಂದೆ.