ಹೂವಿನ ಬುಟ್ಟಿಯ ಒದ್ದೆ ಬಟ್ಟೆ

ನಮ್ಮದು 1985ರ ಪ್ರೀಮಿಯರ್ ಪದ್ಮಿನಿ. ಮನೆಯಲ್ಲಿ ಈಗಲೂ ಎಲ್ಲರ ಬಾಯಲ್ಲಿ ಅದು ಫಿಯಟ್ಟೇ. ಅಪ್ಪನ ಕಾಲದ ಗಾಡಿ. ಭಾನುವಾರ ಒರೆಸಿ ಫೋಟೋ ತೆಗೆಯಲು ಇಟ್ಟುಕೊಂಡಿದ್ದಲ್ಲ, ದಿನಾ ಬಸವನಗುಡಿಯಿಂದ ಜಯನಗರದ ಆಫೀಸಿಗೆ ನಾನು ಹೋಗಿಬರುವುದು ಇದರಲ್ಲೇ.

ಬೆಳಗ್ಗೆ ಇದರದ್ದೇನೂ ತಕರಾರಿಲ್ಲ. ಚೋಕ್ ಎಳೆದು ಕೀ ತಿರುಗಿಸಿದರೆ ನಾಲ್ಕು ಸಲ ಕೆಮ್ಮಿ ಸ್ಟಾರ್ಟ್ ಆಗುತ್ತದೆ. ತಕರಾರೆಲ್ಲ ಬೇಸಿಗೆಯ ಮಧ್ಯಾಹ್ನ, ಅದೂ ಟ್ರಾಫಿಕ್‌ನಲ್ಲಿ. ಪೆಟ್ರೋಲನ್ನು ಕಾರ್ಬ್ಯುರೇಟರಿಗೆ ತಳ್ಳುವ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ಮೆಕ್ಯಾನಿಕ್‌ಗಳು ಅದಕ್ಕೆ ಎ.ಸಿ. ಪಂಪ್ ಅನ್ನುತ್ತಾರೆ. ನಮ್ಮ ಗಾಡಿಯಲ್ಲಿರುವ ಎ.ಸಿ. ಅದೊಂದೇ! ಎಂಜಿನ್ ಕಾದರೆ ಅದೂ ಕಾಯುತ್ತದೆ, ಒಳಗಿನ ಪೆಟ್ರೋಲ್ ಆವಿಯಾಗುತ್ತದೆ. ಆಮೇಲೆ ಪಂಪು ಎಷ್ಟು ಬಡಿದುಕೊಂಡರೂ ಪೆಟ್ರೋಲ್ ಮುಂದೆ ಹೋಗುವುದಿಲ್ಲ. ಔಷಧಿ ಒಂದೇ, ಒದ್ದೆ ಬಟ್ಟೆ. ಅದಕ್ಕೇ ಡಿಕ್ಕಿಯಲ್ಲಿ ಫ್ಯಾನ್ ಬೆಲ್ಟ್, ಪಾಯಿಂಟ್ ಸೆಟ್, ನೀರಿನ ಕ್ಯಾನಿನ ಜೊತೆ ಒಂದು ಹಳೇ ಪಂಚೆ ತುಂಡೂ ಇರುತ್ತದೆ.

ಆ ದಿನ ಇರಲಿಲ್ಲ. ಅಮ್ಮ ಒಗೆಯಲು ಹಾಕಿಬಿಟ್ಟಿದ್ದರು.

ಏಪ್ರಿಲ್ ಬಿಸಿಲು. ಊಟಕ್ಕೆ ಮನೆಗೆ ಬರುತ್ತಿದ್ದೆ. ಗಾಂಧಿ ಬಜಾರಿನಲ್ಲಿ ಗಾಡಿ ಎರಡು ಸಲ ಜಗ್ಗಿ ನಿಂತೇಹೋಯಿತು. ಹಿಂದಿನಿಂದ ಹಾರ್ನೋ ಹಾರ್ನು. ಒಬ್ಬ ಆಟೋದವರು ಇಳಿದು ಬಂದು ತಳ್ಳಿಕೊಟ್ಟರು. ಬದಿಗೆ ಹಾಕಿದ ಮೇಲೆ ಬಾನೆಟ್ ನೋಡುತ್ತಾ, "ಕೊಡೋದಿದ್ರೆ ಹೇಳಿ ಸಾರ್, ಎಷ್ಟಕ್ಕೆ?" ಅಂದರು. ಗಾಡಿ ಚೆನ್ನಾಗಿ ಓಡುವಾಗ ಈ ಪ್ರಶ್ನೆ ಯಾರೂ ಕೇಳುವುದಿಲ್ಲ.

ನೀರೇನೋ ಇತ್ತು, ಸುರಿದರೆ ಹರಿದುಹೋಗುತ್ತದಲ್ವಾ? ಕರ್ಚೀಫ್ ಸುತ್ತಿದೆ. ಅದು ಚಿಕ್ಕದು, ನೋಡುತ್ತಿದ್ದಂತೆ ಒಣಗಿತು. ಪಕ್ಕದಲ್ಲಿ ಹೂ ಕಟ್ಟುತ್ತಾ ಕೂತಿದ್ದ ಅಜ್ಜಿ ಇದನ್ನೆಲ್ಲ ನೋಡುತ್ತಿದ್ದರು.

"ಏನಪ್ಪ, ಅದಕ್ಕೆ ಜ್ವರಾನಾ?"

"ಹೂಂ ಅಜ್ಜಿ, ಒದ್ದೆ ಬಟ್ಟೆ ಹಾಕಬೇಕು."

ಮಲ್ಲಿಗೆ ಬುಟ್ಟಿ ಮೇಲೆ ಹೊದಿಸಿದ್ದ ಬಟ್ಟೆಯನ್ನೇ ತೆಗೆದುಕೊಟ್ಟರು. ಬೇಡ, ಹೂ ಬಾಡುತ್ತದೆ ಅಂದರೂ ಕೇಳಲಿಲ್ಲ. ಪಂಪಿಗೆ ಸುತ್ತಿ, ಮೇಲೆ ನೀರು ಹಾಕಿ, ಹದಿನೈದು ನಿಮಿಷ ಕಾದೆ. ಸುಮ್ನೆ ನಿಲ್ಲಲಾಗದೆ ನಾಲ್ಕು ಮೊಳ ಹೂ ಕೊಂಡೆ. ಆಮೇಲೆ ಕೀ ತಿರುಗಿಸಿದರೆ, ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಯಿತು.

ಆ ಬಟ್ಟೆಗೆ ಗ್ರೀಸು, ಪೆಟ್ರೋಲ್ ವಾಸನೆ ಎಲ್ಲ ಹತ್ತಿತ್ತು. ಹೂವಿನ ಮೇಲೆ ಹಾಕುವ ಹಾಗಿರಲಿಲ್ಲ. ಮರುದಿನ ಹೊಸ ಟವೆಲ್ ತೆಗೆದುಕೊಂಡುಹೋಗಿ ಕೊಟ್ಟೆ. ಅಜ್ಜಿ ಅದನ್ನು ನೀರಿಗೆ ಅದ್ದಿ, ಹಿಂಡಿ, ಬುಟ್ಟಿಗೆ ಹೊದಿಸಿದರು.

"ಹಳೇದು ಗಾಡೀಲೇ ಇರಲಿ ಕಣಪ್ಪ. ಇನ್ನೂ ಮೇ ತಿಂಗಳು ಬಾಕಿ ಐತೆ."